ಮಂಗಳ ಗ್ರಹದ ಧ್ರುವಹಿಮ ಮತ್ತು ಮರಳುದಿಣ್ಣೆಗಳು

ಮಂಗಳ ಗ್ರಹದ ಎರಡೂ ಧ್ರುವಗಳ ಮೇಲೆ ಹಿಮದ ದಪ್ಪ ಪ್ರಸ್ಥಭೂಮಿಗಳಿವೆ. ಉತ್ತರದ್ದು ಪ್ಲೇನಮ್ ಬೋರಿಯಮ್, ದಕ್ಷಿಣದ್ದು ಪ್ಲೇನಮ್ ಆಸ್ಟ್ರೇಲ್. ಉತ್ತರದ ಹಿಮವನ್ನು ಕಪ್ಪು ಮರಳಿನ ದಿಣ್ಣೆಗಳ ಸಾಲು ಸುತ್ತುಗಟ್ಟಿದೆ. ದಕ್ಷಿಣಾರ್ಧದಲ್ಲಿ ಮರಳು ಬಹುಪಾಲು ಕುಳಿಗಳ ತಳ ಸೇರಿದೆ. ಭೂಮಿಯ ಭೂಗೋಳ ಪುಸ್ತಕದಲ್ಲಿ ಹಿಮನದಿಗೆ ಒಂದು ಅಧ್ಯಾಯ, ಮರುಭೂಮಿಗೆ ಇನ್ನೊಂದು. ಮಂಗಳದ ಮಟ್ಟಿಗೆ ಈ ವಿಂಗಡಣೆ ನಡೆಯದು. ಅಲ್ಲಿ ಮರಳು ಹಿಮದ ಬುಡದಿಂದ ಕಳಚಿ ಬರುತ್ತದೆ, ಹಿಮದ ಮೇಲಿಂದ ಇಳಿಯುವ ಗಾಳಿ ಅದನ್ನು ಒಯ್ಯುತ್ತದೆ, ಚಳಿಗಾಲದ ಹಿಮ ಅದನ್ನು ಕಟ್ಟಿಹಾಕುತ್ತದೆ, ವಸಂತದಲ್ಲಿ ಆವಿಯಾಗುವ ಹಿಮವೇ ಅದನ್ನು ಕೆಡವುತ್ತದೆ.

ಹವೆ ಮತ್ತು ಋತುಗಳು

ಮಂಗಳದ ಅಕ್ಷ ಸುಮಾರು 25 ಡಿಗ್ರಿ ವಾಲಿದೆ. ಭೂಮಿಯ ವಾಲಿಕೆಗೂ ಇದಕ್ಕೂ ಹೆಚ್ಚು ಅಂತರವಿಲ್ಲವಾದ್ದರಿಂದ ಅಲ್ಲಿಯೂ ಋತುಗಳಿವೆ. ಆದರೆ ಒಂದು ವರ್ಷಕ್ಕೆ ನಮ್ಮ 687 ದಿನಗಳು. ಕಕ್ಷೆ ಸಾಕಷ್ಟು ಅಂಡಾಕಾರವಾಗಿರುವುದರಿಂದ ಋತುಗಳ ಅವಧಿ ಸಮನಾಗಿಲ್ಲ. ದಕ್ಷಿಣದ ಚಳಿಗಾಲ 178 ಮಂಗಳದಿನ ಎಳೆಯುತ್ತದೆ, ಉತ್ತರದ್ದು 154 ದಿನಕ್ಕೆ ಮುಗಿಯುತ್ತದೆ.

ವಾಯುಮಂಡಲ ತೀರ ತೆಳು. ನೆಲಮಟ್ಟದ ಒತ್ತಡ ಸರಾಸರಿ 6 ಮಿಲಿಬಾರ್, ಅಂದರೆ ಭೂಮಿಯಲ್ಲಿರುವುದರ ನೂರರಲ್ಲೊಂದು ಪಾಲೂ ಇಲ್ಲ. ಅದರಲ್ಲಿ ಶೇಕಡ 95ರಷ್ಟು ಇಂಗಾಲದ ಡೈಆಕ್ಸೈಡ್. ಮೈನಸ್ 125 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಈ ಅನಿಲ ಹೆಪ್ಪುಗಟ್ಟುತ್ತದೆ, ಧ್ರುವದ ಕತ್ತಲಲ್ಲಿ ಅಷ್ಟು ಚಳಿ ಮಾಮೂಲು. ಹೀಗಾಗಿ ಪ್ರತಿ ಚಳಿಗಾಲದಲ್ಲಿ ವಾಯುಮಂಡಲದ ಸುಮಾರು ಕಾಲುಭಾಗ ನೆಲಕ್ಕೆ ಇಳಿದು ಹಿಮವಾಗಿ ಕೂರುತ್ತದೆ. ಕೆಲವೆಡೆ ಇಬ್ಬನಿಯಂತೆ ನೇರ ಕಟ್ಟುತ್ತದೆ, ಕೆಲವೆಡೆ ಮೋಡದಿಂದ ಹಿಮಹರಳಾಗಿ ಉದುರುತ್ತದೆ. ಬೇಸಿಗೆ ಬಂದಾಗ ಕರಗದೆ ನೇರವಾಗಿ ಆವಿಯಾಗುತ್ತದೆ. ಈ ಕ್ರಿಯೆಗೆ ಉತ್ಪತನ ಎಂದು ಹೆಸರು. ಧ್ರುವದಿಂದ ಬಲು ದೂರದಲ್ಲಿ ಕೂತಿದ್ದ ವೈಕಿಂಗ್ 1 ನೌಕೆಯ ಒತ್ತಡಮಾಪಕ ವರ್ಷವಿಡೀ ಸುಮಾರು 7ರಿಂದ 9 ಮಿಲಿಬಾರುಗಳ ನಡುವೆ ಏರಿಳಿದದ್ದು ಈ ಕಾರಣಕ್ಕೇ. ಧ್ರುವದಲ್ಲಿ ಹಿಮ ಬಿದ್ದರೆ ಇಡೀ ಗ್ರಹದ ಗಾಳಿ ತೆಳ್ಳಗಾಗುವ ವ್ಯವಸ್ಥೆ ಇದು. ಭೂಮಿಯಲ್ಲಿ ಇದಕ್ಕೆ ಸರಿಸಾಟಿಯಾದದ್ದು ಏನೂ ಇಲ್ಲ.

ವೀಕ್ಷಣೆಯ ಇತಿಹಾಸ

ದಕ್ಷಿಣ ಧ್ರುವದ ಬಿಳಿ ಕಲೆಯನ್ನು 1672ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಗುರುತಿಸಿದ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮರಾಲ್ಡಿ ಎಂಬಾತ ಈ ಕಲೆ ಧ್ರುವಬಿಂದುವಿಗೆ ಸರಿಯಾಗಿ ಕೂತಿಲ್ಲ, ಪಕ್ಕಕ್ಕೆ ಸರಿದಿದೆ ಎಂದು ಕಂಡುಕೊಂಡ. ಅದು ಹಾಗೇಕೆ ಎಂಬುದು ತಿಳಿಯಲು ಮುನ್ನೂರು ವರ್ಷ ಹಿಡಿಯಿತು. 1784ರಲ್ಲಿ ವಿಲಿಯಂ ಹರ್ಷೆಲ್, ಈ ಕಲೆಗಳು ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದನ್ನು ನೋಡಿ, ಇವು ಹೆಪ್ಪುಗಟ್ಟಿದ ಪ್ರದೇಶಗಳೆಂದು ಬರೆದ. ಹೆಪ್ಪುಗಟ್ಟಿದ್ದು ನೀರೇ ಎಂದು ಜನ ನಂಬಿದ್ದರು. ಆ ನಂಬಿಕೆಯನ್ನು ತುದಿ ಮುಟ್ಟಿಸಿದವನು ಅಮೆರಿಕದ ಪರ್ಸಿವಲ್ ಲೋವೆಲ್. ಧ್ರುವದ ಹಿಮ ಕರಗಿದ ನೀರನ್ನು ಮಂಗಳದವರು ಕಾಲುವೆ ತೋಡಿ ಬಯಲಿಗೆ ಹರಿಸುತ್ತಿದ್ದಾರೆ ಎಂಬುದು ಅವನ ವಾದ.

1965ರಲ್ಲಿ ಮ್ಯಾರಿನರ್ 4 ನೌಕೆ ವಾಯುಮಂಡಲ ಎಷ್ಟು ತೆಳುವೆಂದು ಅಳೆದು ತೋರಿಸಿದ ಮೇಲೆ ಲೆಕ್ಕ ತಿರುವುಮುರುವಾಯಿತು. ಮರುವರ್ಷ ರಾಬರ್ಟ್ ಲೇಟನ್ ಮತ್ತು ಬ್ರೂಸ್ ಮರ್ರಿ, ಅಲ್ಲಿನ ಶಾಖದ ಲೆಕ್ಕ ಹಾಕಿ, ಋತುಮಾನದ ಹಿಮ ನೀರಿನದಲ್ಲ, ಇಂಗಾಲದ ಡೈಆಕ್ಸೈಡಿನದು ಎಂದರು. 1969ರಲ್ಲಿ ಮ್ಯಾರಿನರ್ 7 ಅದನ್ನು ಖಚಿತಪಡಿಸಿತು. ಆದರೆ ಅದೇ ನೌಕೆಯ ಅವಗೆಂಪು ರೋಹಿತಮಾಪಕದ ತಂಡ ಮೊದಲು ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದೇ ಬೇರೆ: ದಕ್ಷಿಣ ಹಿಮದ ಅಂಚಿನಲ್ಲಿ ಮೀಥೇನ್ ಮತ್ತು ಅಮೋನಿಯ ಕಂಡಿವೆ ಎಂದು. ಜೀವದ ಸುಳಿವು ಸಿಕ್ಕಿತೆಂಬ ಗುಲ್ಲು ಹಬ್ಬಿತು. ಕಂಡದ್ದು ಗಟ್ಟಿಯಾದ ಇಂಗಾಲದ ಡೈಆಕ್ಸೈಡಿನ ಗುರುತೇ ಎಂದು ಸ್ವಲ್ಪ ದಿನದಲ್ಲೇ ಒಪ್ಪಿಕೊಳ್ಳಬೇಕಾಯಿತು. ಸಾಕ್ಷಿ ಕೈಯಲ್ಲಿದ್ದೂ ಅದನ್ನು ಬೇರೆಯದೆಂದು ಓದಿದ ಪ್ರಸಂಗ ಇದು.

ಮರಳಿನ ಸರದಿ ಬಂದದ್ದು 1971ರ ನವೆಂಬರಿನಲ್ಲಿ. ಮ್ಯಾರಿನರ್ 9 ಮಂಗಳದ ಕಕ್ಷೆ ಸೇರಿದಾಗ ಗ್ರಹವಿಡೀ ಧೂಳಿನ ಬಿರುಗಾಳಿಯಲ್ಲಿ ಮುಳುಗಿತ್ತು. ಧೂಳು ಇಳಿದ ಮೇಲೆ ದಕ್ಷಿಣಾರ್ಧದ ಹೆಲೆಸ್ಪಾಂಟಸ್ ಪ್ರದೇಶದ ಪ್ರಾಕ್ಟರ್ ಕುಳಿಯ ತಳದಲ್ಲಿ ಸಾಲುಸಾಲು ಕಪ್ಪು ದಿಣ್ಣೆಗಳು ಕಂಡವು. ಐದು ವರ್ಷಗಳ ನಂತರ ವೈಕಿಂಗ್ ಕಕ್ಷಾನೌಕೆಗಳು ಉತ್ತರ ಧ್ರುವದ ಸುತ್ತಲಿನ ಮರಳುಗಡಲನ್ನು ತೋರಿಸಿದವು. ಬೇಸಿಗೆಯಲ್ಲೂ ಉಳಿಯುವ ಉತ್ತರದ ಹಿಮ ನೀರಿನದೇ ಎಂಬುದನ್ನು ಸ್ಥಾಪಿಸಿದ್ದೂ ಅವೇ. ಬೇಸಿಗೆಯ ಹಿಮದ ಉಷ್ಣತೆ ಇಂಗಾಲದ ಡೈಆಕ್ಸೈಡ್ ಗಟ್ಟಿಯಾಗಿ ಉಳಿಯಲಾರದಷ್ಟು ಮೇಲಿತ್ತು.

ಉತ್ತರ ಧ್ರುವ

ಪ್ಲೇನಮ್ ಬೋರಿಯಮ್ ಸುಮಾರು 1,000 ಕಿಲೋಮೀಟರ್ ಅಗಲದ ಗುಮ್ಮಟ. ನಡುವಿನಲ್ಲಿ ಸುತ್ತಲ ಬಯಲಿಗಿಂತ ಸುಮಾರು 3 ಕಿಲೋಮೀಟರ್ ಎತ್ತರ. ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್ ನೌಕೆಯ ಶರಾಡ್ ರೇಡಾರ್ ಇದರೊಳಕ್ಕೆ ಇಣುಕಿದಾಗ ಶೇಕಡ 95ರಷ್ಟು ಶುದ್ಧವಾದ ನೀರಿನ ಹಿಮ ಕಂಡಿತು. ಧೂಳು ಹೆಚ್ಚಿರುವ ಪದರ, ಕಡಿಮೆಯಿರುವ ಪದರ ಒಂದರ ಮೇಲೊಂದು ಪೇರಿಕೊಂಡಿವೆ. ಇಷ್ಟು ಭಾರ ಹೇರಿದ್ದರೂ ಕೆಳಗಿನ ನೆಲ ನೂರು ಮೀಟರಿನಷ್ಟೂ ಕುಸಿದಿಲ್ಲ. ಗ್ರೀನ್‌ಲ್ಯಾಂಡಿನ ಹಿಮ ತನ್ನಡಿಯ ನೆಲವನ್ನು ಒತ್ತಿ ತಗ್ಗಿಸಿದೆ. ಮಂಗಳದ ಹೊರಚಿಪ್ಪು ಹಾಗೆ ಬಾಗದಿರುವುದು ಗ್ರಹದ ಒಡಲು ಎಣಿಸಿದ್ದಕ್ಕಿಂತ ತಣ್ಣಗಿದೆ ಎಂಬುದಕ್ಕೆ ಆಧಾರವಾಯಿತು.

ಮೇಲಿನಿಂದ ನೋಡಿದರೆ ಈ ಗುಮ್ಮಟದಲ್ಲಿ ಸುರುಳಿಯಾಗಿ ಸುತ್ತುವ ಕಣಿವೆಗಳಿವೆ. ಇವನ್ನು ಕೊರೆದದ್ದು ಗಾಳಿ. ಹಿಮದ ನೆತ್ತಿಯ ಮೇಲೆ ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರುತ್ತದೆ, ಗ್ರಹದ ಆವರ್ತನೆ ಅದರ ದಾರಿಯನ್ನು ಬಾಗಿಸುತ್ತದೆ. ಕಣಿವೆಯ ಬಿಸಿಲುಬದಿಯಲ್ಲಿ ಹಿಮ ಸವೆಯುತ್ತದೆ, ಎದುರುಬದಿಯಲ್ಲಿ ಕೂಡುತ್ತದೆ. ಹೀಗೆ ಸವೆಯುತ್ತ ಕೂಡುತ್ತ ಇಡೀ ಕಣಿವೆಯೇ ಧ್ರುವದ ಕಡೆಗೆ ಸರಿದಿದೆ ಎಂದು 2010ರಲ್ಲಿ ಐಸಾಕ್ ಸ್ಮಿತ್ ಮತ್ತು ಜ್ಯಾಕ್ ಹೋಲ್ಟ್ ರೇಡಾರ್ ಚಿತ್ರಗಳಿಂದ ತೋರಿಸಿದರು. ಗಾಳಿಗೆ ಎದುರಾಗಿ ಸರಿಯುವ ಕಣಿವೆಗಳು! ಚಾಸ್ಮಾ ಬೋರಿಯಾಲೆ ಎಂಬ ಮಹಾಕಂದರ ಮಾತ್ರ ಈ ಸುರುಳಿಯ ಲೆಕ್ಕಕ್ಕೆ ಸೇರದು. ಅದು ಗುಮ್ಮಟದ ಅಂಚಿನಿಂದ 500 ಕಿಲೋಮೀಟರಿಗೂ ಹೆಚ್ಚು ಒಳಕ್ಕೆ ಸೀಳಿದೆ.

ಗುಮ್ಮಟದ ಅಂಚು ಕೆಲವೆಡೆ ನೆಟ್ಟಗೆ ಕಡಿದಂತಿದೆ. 2008ರ ಫೆಬ್ರುವರಿ 19ರಂದು ಮಾರ್ಸ್ ರಿಕನೈಸೆನ್ಸ್ ಆರ್ಬಿಟರಿನ ಹೈರೈಸ್ ಕ್ಯಾಮೆರಾ ಇಂಥ ಒಂದು ಜಾಗದ ಚಿತ್ರ ತೆಗೆಯಿತು. ತಜ್ಞರಿಗೆ ಬೇಕಿದ್ದದ್ದು ಪಕ್ಕದ ಮರಳುದಿಣ್ಣೆಗಳ ಮೇಲಿನ ವಸಂತದ ಹಿಮ ಎಷ್ಟು ಆರಿದೆ ಎಂಬ ಮಾಹಿತಿ. ಚಿತ್ರದ ಅಂಚಿನಲ್ಲಿ 700 ಮೀಟರಿಗೂ ಎತ್ತರದ ಕೆಂಪು ಹಿಮಗೋಡೆ ಕುಸಿಯುತ್ತಿತ್ತು, ಬುಡದಲ್ಲಿ ಧೂಳಿನ ಮೋಡ ಎದ್ದಿತ್ತು. ಬೇರೊಂದು ಗ್ರಹದಲ್ಲಿ ಕುಸಿತವೊಂದು ನಡೆಯುತ್ತಿರುವಾಗಲೇ ಸೆರೆಯಾದ ಅಪರೂಪದ ಚಿತ್ರ ಅದು. ಮರಳನ್ನು ನೋಡಲು ಹೋದವರಿಗೆ ಹಿಮದ ಸುದ್ದಿ ಸಿಕ್ಕಿತು.

ಮುಖ್ಯ ಗುಮ್ಮಟದ ಹೊರಗೂ ಹಿಮ ಉಂಟು. 82 ಕಿಲೋಮೀಟರ್ ಅಗಲದ ಕೊರೊಲ್ಯೊವ್ ಕುಳಿಯಲ್ಲಿ 1.8 ಕಿಲೋಮೀಟರ್ ದಪ್ಪದ ನೀರಿನ ಹಿಮ ವರ್ಷವಿಡೀ ನಿಂತಿದೆ. ಅದರ ಮೇಲೆ ಹಾಯುವ ಗಾಳಿ ತಣಿದು ಕುಳಿಯೊಳಗೇ ತಂಗುವುದರಿಂದ ಹಿಮಕ್ಕೆ ಅದೇ ಹೊದಿಕೆಯಾಗುತ್ತದೆ.

ದಕ್ಷಿಣ ಧ್ರುವ

ದಕ್ಷಿಣದ ಪದರಹಿಮ ಇನ್ನೂ ದಪ್ಪ. ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಮಾರ್ಸಿಸ್ ರೇಡಾರ್ 2007ರಲ್ಲಿ ನೀಡಿದ ಅಳತೆಯಂತೆ ಗರಿಷ್ಠ 3.7 ಕಿಲೋಮೀಟರ್ ದಪ್ಪ, 16 ಲಕ್ಷ ಘನ ಕಿಲೋಮೀಟರ್ ಗಾತ್ರ. ಕರಗಿಸಿದರೆ ಇಡೀ ಗ್ರಹದ ಮೇಲೆ 11 ಮೀಟರ್ ನೀರು ನಿಲ್ಲುತ್ತದೆ. ಆದರೆ ಮೇಲ್ಮೈ ಧೂಳಿನಿಂದ ಮಾಸಿರುವುದರಿಂದ ದೂರದರ್ಶಕದಲ್ಲಿ ಇದು ಹಿಮವೆಂದೇ ತೋರುವುದಿಲ್ಲ. ಬೇಸಿಗೆಯಲ್ಲೂ ಬೆಳ್ಳಗೆ ಉಳಿಯುವುದು ಇದರ ಒಂದು ಸಣ್ಣ ಭಾಗ. ಅಲ್ಲಿ ನೀರಿನ ಹಿಮದ ಮೇಲೆ ಇಂಗಾಲದ ಡೈಆಕ್ಸೈಡ್ ಹಿಮದ, ಅಂದರೆ ಡ್ರೈ ಐಸಿನ, ಕೆಲವೇ ಮೀಟರ್ ದಪ್ಪದ ಹೊದಿಕೆ. ಅದರ ತುಂಬ ಚಪ್ಪಟೆ ತಳದ ದುಂಡು ಗುಂಡಿಗಳು. ಗುಂಡಿಯ ಗೋಡೆಗಳು ವರ್ಷಕ್ಕೆ ಕೆಲವು ಮೀಟರುಗಳಂತೆ ಹಿಂದೆ ಸರಿಯುತ್ತಿವೆ.

ಬಿಳಿ ಕಲೆ ಧ್ರುವಬಿಂದುವಿನಿಂದ ಪಕ್ಕಕ್ಕೆ ಸರಿದಿರುವುದನ್ನು ಮರಾಲ್ಡಿ ಕಂಡಿದ್ದನಲ್ಲ, ಅದಕ್ಕೆ ಕಾರಣ ಧ್ರುವದಲ್ಲಿಲ್ಲ, ದೂರದ ಹೆಲಸ್ ತಗ್ಗಿನಲ್ಲಿದೆ. 2,000 ಕಿಲೋಮೀಟರಿಗೂ ಅಗಲವಾದ ಆ ತಗ್ಗು ಗಾಳಿಯ ಹರಿವನ್ನು ತಿರುಚಿ ಧ್ರುವದ ಒಂದು ಬದಿಯಲ್ಲಿ ಹಿಮಪಾತವನ್ನು ಹೆಚ್ಚಿಸುತ್ತದೆ. ಉದುರಿದ ಹಿಮ ನೆಲದಲ್ಲೇ ಕಟ್ಟಿದ ಹಿಮಕ್ಕಿಂತ ಬಿಳುಪು, ಬಿಸಿಲನ್ನು ಹೆಚ್ಚು ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಆ ಬದಿ ಮಾತ್ರ ಬೇಸಿಗೆಯನ್ನು ದಾಟಿ ಉಳಿಯುತ್ತದೆ. 2011ರಲ್ಲಿ ಶರಾಡ್ ಇನ್ನೊಂದು ಅಚ್ಚರಿ ಹೊರಗೆಡವಿತು. ದಕ್ಷಿಣದ ಹಿಮದೊಳಗೆ ಇಂಗಾಲದ ಡೈಆಕ್ಸೈಡಿನ ದೊಡ್ಡ ದಾಸ್ತಾನು ಹೂತಿದೆ. ಅದಷ್ಟೂ ಆವಿಯಾದರೆ ಇಂದಿನ ವಾಯುಮಂಡಲದ ಒತ್ತಡ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ.

2018ರಲ್ಲಿ ರೊಬೆರ್ತೊ ಒರೊಸೆಯಿ ನೇತೃತ್ವದ ಇಟಲಿಯ ತಂಡ, ದಕ್ಷಿಣದ ಹಿಮದ ಒಂದೂವರೆ ಕಿಲೋಮೀಟರ್ ಕೆಳಗೆ 20 ಕಿಲೋಮೀಟರ್ ಅಗಲದ ದ್ರವನೀರಿನ ಸರೋವರ ಇದೆಯೆಂದು ಮಾರ್ಸಿಸ್ ಮಾಹಿತಿಯಿಂದ ವಾದಿಸಿತು. ರೇಡಾರ್ ಪ್ರತಿಧ್ವನಿ ಅಲ್ಲಿ ಪ್ರಖರವಾಗಿರುವುದು ನಿಜ. ಆದರೆ ತಣ್ಣಗಿನ ಜೇಡಿಮಣ್ಣು ಕೂಡ ಅಂಥ ಪ್ರತಿಧ್ವನಿ ಕೊಡಬಲ್ಲದು ಎಂದು ಇತರರು ತೋರಿಸಿದ್ದಾರೆ. ಅಷ್ಟು ಚಳಿಯಲ್ಲಿ ನೀರು ದ್ರವವಾಗಿರಲು ಬೇಕಾದ ಉಪ್ಪು ಅಥವಾ ಶಾಖದ ಪ್ರಮಾಣವನ್ನು ನೆನೆದರೆ ಸರೋವರಕ್ಕಿಂತ ಜೇಡಿಮಣ್ಣಿನ ವಾದವೇ ಹೆಚ್ಚು ಒಪ್ಪುವಂತಿದೆ.

ಮರಳಿನ ಮೂಲ

ಭೂಮಿಯ ಹೆಚ್ಚಿನ ಮರಳು ಬೆಣಚುಕಲ್ಲಿನದು, ಆದ್ದರಿಂದ ತಿಳಿಬಣ್ಣದ್ದು. ಮಂಗಳದ ಮರಳು ಜ್ವಾಲಾಮುಖಿಯ ಬಸಾಲ್ಟ್ ಶಿಲೆ ಪುಡಿಯಾದದ್ದು. ವಿಜಯಪುರದ ಕಡೆ ನೆಲದಡಿ ಸಿಗುವ ಕರಿಗಲ್ಲಿನ ಜಾತಿಯೇ. ಹಾಗಾಗಿ ಕೆಂಪು ಗ್ರಹದ ದಿಣ್ಣೆಗಳು ಕಪ್ಪಾಗಿವೆ. ಕೆಂಪು ಇರುವುದು ಮರಳಿನಲ್ಲಲ್ಲ, ಅದಕ್ಕಿಂತ ಎಷ್ಟೋ ನವುರಾದ ಧೂಳಿನಲ್ಲಿ. ಮರಳು ಚಲಿಸುತ್ತಿರುವ ದಿಣ್ಣೆಯ ಮೇಲೆ ಧೂಳು ನಿಲ್ಲದು, ಕಪ್ಪಗಿರುವ ದಿಣ್ಣೆ ಎಂದರೆ ಜೀವಂತ ದಿಣ್ಣೆ.

ದಿಣ್ಣೆಗಳ ಅತಿದೊಡ್ಡ ಅಖಂಡ ಹರವು ಒಲಿಂಪಿಯಾ ಉಂಡೆ. ಉತ್ತರ ಗುಮ್ಮಟದ ಒಂದು ಪಕ್ಕವನ್ನು 1,100 ಕಿಲೋಮೀಟರ್ ಉದ್ದಕ್ಕೆ ಅಪ್ಪಿಕೊಂಡಿರುವ ಇದರ ವಿಸ್ತೀರ್ಣ ಸುಮಾರು 4.7 ಲಕ್ಷ ಚದರ ಕಿಲೋಮೀಟರ್. 2005ರಲ್ಲಿ ಮಾರ್ಸ್ ಎಕ್ಸ್‌ಪ್ರೆಸ್ಸಿನ ಒಮೇಗಾ ಉಪಕರಣ ಈ ಕಪ್ಪು ಮರಳಿನಲ್ಲಿ ಜಿಪ್ಸಂ ಪತ್ತೆಮಾಡಿತು. ಜಿಪ್ಸಂ ಹುಟ್ಟಲು ನೀರು ಬೇಕೇಬೇಕು. ನೀರು ಯಾವಾಗ, ಎಲ್ಲಿಂದ ಬಂತೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟೊಂದು ಮರಳು ಧ್ರುವದ ಬಳಿಯೇ ಏಕೆ ಸೇರಿತು? ಗುಮ್ಮಟದ ಕಡಿದಾದ ಅಂಚುಗಳಲ್ಲಿ ಉತ್ತರ ಕಣ್ಣಿಗೇ ಕಾಣುತ್ತದೆ. ಶುದ್ಧ ಹಿಮದ ಪದರಗಳ ಕೆಳಗೆ ಮರಳೂ ಹಿಮವೂ ಬೆರೆತ ಹಳೆಯ ಕಪ್ಪು ಪದರವೊಂದಿದೆ. ಹಿಮ ಆವಿಯಾಗಿ ಹೋದಂತೆ ಒಳಗಿದ್ದ ಮರಳು ಕಳಚಿ ಬುಡಕ್ಕೆ ಸುರಿಯುತ್ತದೆ, ಇಳಿಗಾಳಿ ಅದನ್ನು ದಿಣ್ಣೆಯಾಗಿ ಒಟ್ಟುತ್ತದೆ. ಆ ಕಪ್ಪು ಪದರವೂ ಹಿಂದೊಮ್ಮೆ ದಿಣ್ಣೆಗಳ ಬಯಲೇ. 2019ರಲ್ಲಿ ಸ್ತೆಫಾನೊ ನೆರೊಝಿ ಮತ್ತು ಹೋಲ್ಟ್, ಇದರೊಳಗೆ ಹಿಮದ ಹಾಸು ಮರಳಿನ ಹಾಸು ಸರದಿಯಂತೆ ಬರುತ್ತವೆಂದೂ ಕೆಲವೆಡೆ ಶೇಕಡ 90ರವರೆಗೆ ನೀರಿನ ಹಿಮವೇ ಇದೆಯೆಂದೂ ರೇಡಾರಿನಿಂದ ಕಂಡುಕೊಂಡರು. ಹಿಂದಿನ ಯುಗಗಳ ಧ್ರುವಹಿಮ ಆವಿಯಾಗಿ ಪೂರ್ತಿ ಅಳಿದುಹೋಗುವ ಮೊದಲೇ ಅದರ ಮೇಲೆ ಮರಳು ಸರಿದು ಮುಚ್ಚಿತ್ತು. ಬಿಸಿಲು ತಾಗದೆ ಅದು ಹಾಗೇ ಉಳಿಯಿತು.

ದಿಣ್ಣೆಗಳ ಚಲನೆ

ವೈಕಿಂಗ್ ಕಾಲದಿಂದ 2000ದ ದಶಕದವರೆಗೂ ಮಂಗಳದ ದಿಣ್ಣೆಗಳು ನಿಂತುಹೋದವು, ಹಳೆಯ ದಟ್ಟ ವಾಯುಮಂಡಲದ ಪಳೆಯುಳಿಕೆಗಳು ಎಂಬ ಅಭಿಪ್ರಾಯಕ್ಕೆ ಬಲವಿತ್ತು. ಇಷ್ಟು ತೆಳುಗಾಳಿ ಮರಳಿನ ಕಾಳನ್ನು ನೆಲದಿಂದ ಎಬ್ಬಿಸಬೇಕಾದರೆ ಅದು ಬಲು ರಭಸದಿಂದ ಬೀಸಬೇಕು, ಅಂಥ ಗಾಳಿ ಅಲ್ಲಿ ಅಪರೂಪ. ಈ ಒಗಟನ್ನು ಬಿಡಿಸಿದ್ದು ಒಂದು ಸೂಕ್ಷ್ಮ. ಮರಳು ಗಾಳಿಯಲ್ಲಿ ತೇಲಿ ಹೋಗುವುದಿಲ್ಲ, ಜಿಗಿಯುತ್ತ ಹೋಗುತ್ತದೆ. ಬಿದ್ದ ಕಾಳು ಮತ್ತೊಂದನ್ನು ಚಿಮ್ಮಿಸುತ್ತದೆ. ಲಿಬಿಯದ ಮರುಭೂಮಿಯಲ್ಲಿ ಅಲೆದ ಇಂಗ್ಲಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್ 1941ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಇದರ ಭೌತವಿಜ್ಞಾನವನ್ನು ವಿವರಿಸಿದ್ದ. ಮಂಗಳದ ಗುರುತ್ವ ಭೂಮಿಯ ಶೇಕಡ 38 ಮಾತ್ರ, ಗಾಳಿಯ ತಡೆಯೂ ಕಡಿಮೆ. ಹಾಗಾಗಿ ಅಲ್ಲಿನ ಜಿಗಿತ ಎತ್ತರ, ಉದ್ದ. ಬೀಳುವಾಗಿನ ಪೆಟ್ಟೂ ಜೋರು. ಒಮ್ಮೆ ಶುರುವಾದ ಜಿಗಿತ, ಶುರುಮಾಡಲು ಬೇಕಾದ ಗಾಳಿಯ ಹತ್ತನೆ ಒಂದು ಪಾಲು ವೇಗದಲ್ಲೂ ಮುಂದುವರಿಯಬಲ್ಲದು ಎಂದು 2010ರಲ್ಲಿ ಯಾಸ್ಪರ್ ಕೋಕ್ ಲೆಕ್ಕ ಹಾಕಿ ತೋರಿಸಿದರು.

ಆ ಹೊತ್ತಿಗೆ ಹೈರೈಸ್ ಒಂದೇ ದಿಣ್ಣೆಯ ಚಿತ್ರವನ್ನು ಮತ್ತೆ ಮತ್ತೆ ತೆಗೆಯತೊಡಗಿತ್ತು. 2012ರಲ್ಲಿ ನೇಥನ್ ಬ್ರಿಜಸ್ ಮತ್ತು ಸಂಗಡಿಗರು ನಿಲಿ ಪಟೇರಾ ಎಂಬಲ್ಲಿನ ದಿಣ್ಣೆಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ, ಅಲ್ಲಿ ಹಾಯುವ ಮರಳಿನ ಮೊತ್ತ ಅಂಟಾರ್ಕ್ಟಿಕದ ವಿಕ್ಟೋರಿಯಾ ಕಣಿವೆಯ ದಿಣ್ಣೆಗಳಷ್ಟೇ ಇದೆಯೆಂದು ಕಂಡರು. ಪಳೆಯುಳಿಕೆಯ ವಾದ ಅಲ್ಲಿಗೆ ಬಿತ್ತು. ಮುಂದೆ ಗ್ರಹದುದ್ದಕ್ಕೂ ಹತ್ತಾರು ದಿಣ್ಣೆಬಯಲುಗಳನ್ನು ಅಳೆದಾಗ ಸರಾಸರಿ ಚಲನೆ ನಮ್ಮ ಒಂದು ವರ್ಷಕ್ಕೆ ಅರ್ಧ ಮೀಟರಿನ ಆಸುಪಾಸು ಎಂದು ತಿಳಿಯಿತು. ಹೆಚ್ಚು ಚುರುಕಾದ ಮೂರು ಪ್ರದೇಶಗಳಲ್ಲಿ ಉತ್ತರ ಧ್ರುವದ ಮರಳುಗಡಲು ಒಂದು. ವರ್ಷದ ಬಹುಕಾಲ ಹಿಮದಡಿ ಬಂದಿಯಾಗಿದ್ದೂ ಅದು ಈ ಪಟ್ಟಿಯಲ್ಲಿ ಇದೆಯೆಂದರೆ ಬಿಡುವಿನ ತಿಂಗಳುಗಳಲ್ಲಿ ಹಿಮದಂಚಿನ ಗಾಳಿ ಎಷ್ಟು ಬಿರುಸೆಂದು ಊಹಿಸಬಹುದು.

ಹತ್ತಿರದಿಂದ ಕಂಡ ಮೊದಲ ಜೀವಂತ ದಿಣ್ಣೆ ಧ್ರುವದ್ದಲ್ಲ. ಸಮಭಾಜಕದ ಬಳಿಯ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರ್ 2015ರ ಕೊನೆಯಲ್ಲಿ ನಮೀಬ್ ಎಂಬ ದಿಣ್ಣೆಯ ಬುಡ ತಲುಪಿತು. ಆ ದಿಣ್ಣೆಬಯಲಿಗೆ ಬ್ಯಾಗ್ನೋಲ್ಡನ ಹೆಸರನ್ನೇ ಇಟ್ಟಿದ್ದಾರೆ. ದಿಣ್ಣೆಯ ಮೈಮೇಲೆ ಗೇಣಿಗಿಂತ ಕಡಿಮೆ ಅಂತರದ ಸಣ್ಣ ತೆರೆಗಳಿದ್ದವು, ಜೊತೆಗೆ ಸುಮಾರು 3 ಮೀಟರ್ ಅಂತರದ ದೊಡ್ಡ ತೆರೆಗಳೂ ಇದ್ದವು. ಭೂಮಿಯ ಮರುಭೂಮಿಗಳಲ್ಲಿ ಇಂಥ ದೊಡ್ಡ ತೆರೆ ಈ ರೀತಿ ಕಾಣುವುದಿಲ್ಲ. ಹೋಲಿಕೆ ಸಿಕ್ಕಿದ್ದು ನೀರಿನಡಿಯ ಮರಳಿನಲ್ಲಿ. ತೆಳುಗಾಳಿಯ ಸ್ನಿಗ್ಧತೆಯೇ ಇದಕ್ಕೆ ಕಾರಣವಿರಬೇಕೆಂದು ಮ್ಯಾಥ್ಯೂ ಲಪೋತ್ರ್ ತಂಡ 2016ರಲ್ಲಿ ವಾದಿಸಿತು.

ವಸಂತದ ಕೆಲಸ

ಚಳಿಗಾಲದ ಇಂಗಾಲದ ಡೈಆಕ್ಸೈಡ್ ಹಿಮ ಕೆಲವೆಡೆ ಹರಳುಗಟ್ಟಿ ಗಾಜಿನಂತೆ ಪಾರದರ್ಶಕವಾಗುತ್ತದೆ. ವಸಂತದ ಬಿಸಿಲು ಅದರ ಮೂಲಕ ಹಾದು ಕೆಳಗಿನ ಕಪ್ಪು ನೆಲವನ್ನು ಕಾಯಿಸುತ್ತದೆ. ಹಿಮ ತಳದಿಂದ ಆವಿಯಾಗತೊಡಗುತ್ತದೆ, ಆವಿಗೆ ಹೊರದಾರಿಯಿಲ್ಲದೆ ಒತ್ತಡ ಏರುತ್ತದೆ, ಕಡೆಗೆ ಹಾಸು ಬಿರಿದು ಅನಿಲ ಚಿಲುಮೆಯಾಗಿ ಚಿಮ್ಮುತ್ತದೆ. ಜೊತೆಗೆ ಹಾರಿದ ಧೂಳು, ಮರಳು ಗಾಳಿ ಬೀಸಿದ ದಿಕ್ಕಿಗೆ ಬೀಸಣಿಗೆಯ ಆಕಾರದಲ್ಲಿ ಹಿಮದ ಮೇಲೆ ಬಿದ್ದುಕೊಳ್ಳುತ್ತದೆ. ಹ್ಯೂ ಕೀಫರ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಮಂಡಿಸಿದ ಈ ವಿವರಣೆ ಈಗ ಬಹುಮಾನ್ಯ. ಚಿಲುಮೆಯ ಬಾಯಿಗೆ ಧಾವಿಸುವ ಅನಿಲ ನೆಲದಲ್ಲಿ ಕವಲುಕವಲಾಗಿ ಕೊರೆದ ಗೀರುಗಳಿಗೆ ತಜ್ಞರು ‘ಜೇಡ’ ಎನ್ನುತ್ತಾರೆ. ಇವು ದಕ್ಷಿಣ ಧ್ರುವದ ವಿಶೇಷ.

ಉತ್ತರದಲ್ಲಿ ಇದೇ ಕ್ರಿಯೆ ದಿಣ್ಣೆಗಳ ಮೇಲೆ ನಡೆಯುತ್ತದೆ. ಕ್ಯಾಂಡಿಸ್ ಹ್ಯಾನ್ಸೆನ್ ತಂಡ 2011ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಗಾಳಿಮರೆಯ ಇಳುಕಲಿನ ನೂರಾರು ಘನಮೀಟರ್ ಮರಳು ಒಂದೇ ಋತುವಿನಲ್ಲಿ ಜರಿದು ಹೊಸ ಕೊರಕಲುಗಳು ಬಿದ್ದಿದ್ದವು. ಹಳೆಯ ಕೊರಕಲುಗಳನ್ನು ಗಾಳಿ ಆಗಲೇ ಮುಚ್ಚುತ್ತಿತ್ತು. ದಕ್ಷಿಣಾರ್ಧದ ರಸೆಲ್ ಕುಳಿಯ ಮಹಾದಿಣ್ಣೆಯ ಮೇಲಿನ ಉದ್ದನೆಯ ನೇರ ಚರಂಡಿಗಳ ಕತೆ ಇನ್ನೂ ಸ್ವಾರಸ್ಯ. ಅವುಗಳ ಕೊನೆಯಲ್ಲಿ ಮಣ್ಣು ರಾಶಿಬಿದ್ದಿಲ್ಲ, ಒಂದು ಗುಂಡಿ ಇದೆ ಅಷ್ಟೆ. ನೀರು ಹರಿದಿದ್ದರೆ ಹೊತ್ತು ತಂದದ್ದನ್ನು ಕೊನೆಯಲ್ಲಿ ಬಿಟ್ಟುಹೋಗಬೇಕಿತ್ತು. ಸೆರೀನಾ ಡಿನಿಯೆಗಾ ಮತ್ತು ಸಂಗಡಿಗರು ಡ್ರೈ ಐಸ್ ಗಡ್ಡೆಗಳನ್ನು ಹೊತ್ತು ಯೂಟಾ, ಕ್ಯಾಲಿಫೋರ್ನಿಯಾದ ದಿಣ್ಣೆಗಳನ್ನು ಹತ್ತಿ ಕೆಳಕ್ಕೆ ಜಾರಿಬಿಟ್ಟರು. ಗಡ್ಡೆ ತನ್ನದೇ ಆವಿಯ ಮೇಲೆ ತೇಲುತ್ತ, ಬದಿಗಳಿಗೆ ಮರಳು ತಳ್ಳುತ್ತ ಇಳಿಯಿತು. ಮಂಗಳದಲ್ಲಿ ಅದು ತಳದಲ್ಲಿ ನಿಂತು ಆವಿಯಾಗಿ ಗುಂಡಿಯನ್ನಷ್ಟೆ ಉಳಿಸುತ್ತದೆ ಎಂಬ ವಿವರಣೆ 2013ರಲ್ಲಿ ಪ್ರಕಟವಾಯಿತು.

ಹಿಮ, ಮರಳು ಮತ್ತು ನೌಕೆಗಳು

ಧ್ರುವವಲಯದ ಹತ್ತಿರ ಇಳಿದು ಕೆಲಸ ಮಾಡಿದ ನೌಕೆ ಫೀನಿಕ್ಸ್ ಒಂದೇ. 2008ರ ಮೇ 25ರಂದು 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇಳಿದು, ಮಣ್ಣು ಕೆರೆದು, ಕೆಲವೇ ಸೆಂಟಿಮೀಟರ್ ಕೆಳಗೆ ಬಿಳಿಯ ಹಿಮ ತೋರಿಸಿತು. ಗುಂಡಿಯಲ್ಲಿ ಬಿದ್ದಿದ್ದ ಚೂರುಗಳು ನಾಲ್ಕು ದಿನದಲ್ಲಿ ಆವಿಯಾಗಿ ಮಾಯವಾದದ್ದರಿಂದ ಅದು ಉಪ್ಪಲ್ಲ, ನೀರಿನ ಹಿಮವೆಂದು ಗೊತ್ತಾಯಿತು. ಚಳಿಗಾಲ ಅದನ್ನು ಮುಗಿಸಿತು. 2010ರ ಕಕ್ಷಾಚಿತ್ರಗಳಲ್ಲಿ ಅದರ ಸೌರಫಲಕ, ಬಹುಶಃ ಹಿಮದ ಭಾರಕ್ಕೆ, ಮುರಿದಂತೆ ಕಂಡಿತು. ಮರಳಿನ ಕಾಟ ಬೇರೆ ಕಡೆ: 2005ರಲ್ಲಿ ಆಪರ್ಚುನಿಟಿ ರೋವರ್ ಮರಳಿನ ತೆರೆಯೊಂದರಲ್ಲಿ ಐದು ವಾರ ಹೂತುಕೊಂಡಿತು, 2009ರಲ್ಲಿ ಸ್ಪಿರಿಟ್ ಹೂತದ್ದು ಮೇಲೇಳಲೇ ಇಲ್ಲ.

ಭಾರತದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿತು. ಅದರ ಕಕ್ಷೆ ಅತಿ ದೀರ್ಘವಾಗಿದ್ದು, ದೂರದ ತುದಿ 70,000 ಕಿಲೋಮೀಟರಿಗೂ ಆಚೆಯಿತ್ತು. ಧ್ರುವಗಳನ್ನು ಸಮೀಪದಿಂದ ನೋಡಲು ಅದು ಹೊಂದುವಂಥದ್ದಲ್ಲ, ಆದರೆ ಇಡೀ ಗ್ರಹವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಅನುಕೂಲ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನ 32 ಮೀಟರ್ ಆಂಟೆನಾಕ್ಕೆ ಬಂದ ಅಂಥ ಚಿತ್ರಗಳಲ್ಲಿ ಧ್ರುವದ ಬಿಳುಪೂ ಧೂಳಿನ ಬಿರುಗಾಳಿಯೂ ಒಟ್ಟಿಗೆ ಕಾಣುತ್ತವೆ.

ಅಕ್ಷದ ಓಲಾಟ

ಭೂಮಿಯ ಅಕ್ಷವನ್ನು ಚಂದ್ರ ಹಿಡಿತದಲ್ಲಿಟ್ಟಿದ್ದಾನೆ. ಮಂಗಳದ ಉಪಗ್ರಹಗಳು ಸಣ್ಣವು, ಅವುಗಳಿಂದ ಆ ಕೆಲಸ ಆಗದು. ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ಅಲ್ಲಿನ ವಾಲಿಕೆ 0ಯಿಂದ 60 ಡಿಗ್ರಿವರೆಗೆ ಓಲಾಡಬಲ್ಲದೆಂದು ಜಾಕ್ ಲಸ್ಕರ್ ಮುಂತಾದವರು 1993ರಿಂದ ತೋರಿಸುತ್ತ ಬಂದಿದ್ದಾರೆ. ವಾಲಿಕೆ ಹೆಚ್ಚಾದಾಗ ಧ್ರುವಕ್ಕೆ ಬಿಸಿಲು ಹೆಚ್ಚು, ಹಿಮ ಎದ್ದು ನಡು ಅಕ್ಷಾಂಶಗಳಿಗೆ ವಲಸೆ ಹೋಗುತ್ತದೆ. ಕಡಿಮೆಯಾದಾಗ ಧ್ರುವಕ್ಕೆ ಮರಳುತ್ತದೆ. ಇಂದಿನ ಉತ್ತರ ಗುಮ್ಮಟದ ಪದರಗಳ ವಯಸ್ಸು ಐವತ್ತು ಲಕ್ಷ ವರ್ಷಗಳಿಗಿಂತ ಹೆಚ್ಚಿರಲಾರದು ಎಂಬುದು ಈ ಲೆಕ್ಕದಿಂದಲೇ. 2016ರಲ್ಲಿ ಸ್ಮಿತ್ ತಂಡ ರೇಡಾರ್ ಚಿತ್ರದಲ್ಲಿ ಒಂದು ಸವೆತದ ಗೆರೆಯನ್ನೂ ಅದರ ಮೇಲೆ ಹೊಸದಾಗಿ ಕೂತ ಹಿಮವನ್ನೂ ಗುರುತಿಸಿ, ಕೊನೆಯ ಹಿಮಯುಗ, ಅಂದರೆ ಹಿಮ ನಡು ಅಕ್ಷಾಂಶಗಳಿಗೆ ಹೋಗಿದ್ದ ಕಾಲ, ಸುಮಾರು 3,70,000 ವರ್ಷಗಳ ಹಿಂದೆ ಮುಗಿದಿರಬೇಕೆಂದಿತು.

ಏಳು ವರ್ಷಗಳ ನಂತರ ಚೀನಾದ ಝುರೋಂಗ್ ರೋವರಿನ ಮಾಹಿತಿ ಇದಕ್ಕೆ ತಾಳೆಯಾಯಿತು. ಅದು ಇಳಿದದ್ದು ಯುಟೋಪಿಯ ಬಯಲಿನ 25 ಡಿಗ್ರಿ ಉತ್ತರದಲ್ಲಿ, ಧ್ರುವದ ಹಿಮದಿಂದ ಸಾವಿರಾರು ಕಿಲೋಮೀಟರ್ ದೂರ. ಅಲ್ಲಿನ ಅರ್ಧಚಂದ್ರಾಕಾರದ ಹಳೆಯ ದಿಣ್ಣೆಗಳು ಈಶಾನ್ಯದ ಗಾಳಿಯಲ್ಲಿ ಬೆಳೆದಿದ್ದವು. ಅವನ್ನು ಸವೆಸಿ ಮೇಲೆ ಮೂಡಿದ ಹೊಸ ಏಣುಗಳು ವಾಯವ್ಯದ ಗಾಳಿಯವು. ಗಾಳಿ ಹೀಗೆ ಸುಮಾರು 70 ಡಿಗ್ರಿ ತಿರುಗಿದ ಕಾಲ ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದೆ ಎಂದು ಸಂಶೋಧಕರು ಅಂದಾಜು ಮಾಡಿದರು.